ಪಿತ್ತದ ಗಂಧೆ: ತುರಿಕೆಗಿಂತ ಉಸಿರಾಟದ ಕಡೆ ಗಮನವಿರಲಿ

ಊಟವಾಗಿ ಸ್ವಲ್ಪ ಹೊತ್ತಿನಲ್ಲೇ ಮೈತುಂಬ ಕೆಂಪು ದದ್ದುಗಳೆದ್ದು ತುರಿಸತೊಡಗಿದರೆ ನಮ್ಮ ಕರಾವಳಿಯ ಮನೆಗಳಲ್ಲಿ ‘ಪಿತ್ತ ಎದ್ದಿದೆ’ ಎನ್ನುತ್ತಾರೆ. ಪುನರ್ಪುಳಿಯ ಸಾರು ಕುಡಿಸುತ್ತಾರೆ, ಮೈಗೂ ಹಚ್ಚುತ್ತಾರೆ. ವೈದ್ಯರು ಇದನ್ನು ಅರ್ಟಿಕೇರಿಯಾ ಎಂದು ಕರೆಯುತ್ತಾರೆ.

ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಬಿಟ್ಟಾಗ ಸಣ್ಣ ರಕ್ತನಾಳಗಳಿಂದ ದ್ರವ ಸೋರಿ ಚರ್ಮ ಉಬ್ಬುತ್ತದೆ. ಒಂದು ದದ್ದು ಸಾಮಾನ್ಯವಾಗಿ 24 ಗಂಟೆಯೊಳಗೆ ಕಲೆ ಉಳಿಸದೆ ಮಾಯವಾಗುತ್ತದೆ, ಇನ್ನೊಂದು ಕಡೆ ಹೊಸದು ಏಳಬಹುದು. ಇದು ಅಂಟುರೋಗವಲ್ಲ. ಕ್ರೈಸ್ತ ಶಿಕ್ಷಣದ ತರಗತಿಯಲ್ಲಿ ಇಂಥ ಮಗುವನ್ನು ಬೇರೆ ಬೆಂಚಿನಲ್ಲಿ ಕೂರಿಸುವುದನ್ನು ನಾವು ಕಂಡಿದ್ದೇವೆ. ಅದರ ಅಗತ್ಯವೇ ಇಲ್ಲ.

ಸಿಗಡಿ, ಏಡಿ, ಮೊಟ್ಟೆ, ನೆಲಗಡಲೆ, ಪೆನ್ಸಿಲಿನ್, ಆಸ್ಪಿರಿನ್‌ನಂಥ ನೋವಿನ ಮಾತ್ರೆ, ಕಣಜದ ಕಡಿತ ಇವೆಲ್ಲ ಕಾರಣವಾಗಬಹುದು. ಮಕ್ಕಳಲ್ಲಿ ಹಲವು ಬಾರಿ ವೈರಸ್ ಜ್ವರವೇ ಕಾರಣ. ಆದರೆ ಬಂಗುಡೆಯ ಕಥೆ ಬೇರೆ. ಹಿಡಿದ ಬಂಗುಡೆಯನ್ನು ಕೂಡಲೇ ಐಸ್‌ನಲ್ಲಿಡದಿದ್ದರೆ ಬ್ಯಾಕ್ಟೀರಿಯಾಗಳು ಮೀನಿನಲ್ಲೇ ಹಿಸ್ಟಮಿನ್ ಉಂಟುಮಾಡುತ್ತವೆ. ಎಷ್ಟು ಕುದಿಸಿದರೂ, ಹುರಿದರೂ ಅದು ನಾಶವಾಗದು. ಒಂದೇ ಪಂಕ್ತಿಯಲ್ಲಿ ಉಂಡ ಹಲವರಿಗೆ ಒಟ್ಟಿಗೆ ಮುಖ ಕೆಂಪೇರಿ, ತುರಿಕೆ, ತಲೆನೋವು ಬಂದರೆ ಇದನ್ನೇ ಶಂಕಿಸಬೇಕು. ಇದು ಅಲರ್ಜಿಯಲ್ಲ, ಹಾಳಾದ ಮೀನಿನ ವಿಷ. ಹಾಗಾಗಿ ಅವರು ಜೀವನವಿಡೀ ಮೀನು ಬಿಡಬೇಕಾಗಿಲ್ಲ. ಹಬ್ಬದ ಅಡುಗೆಯ ಹೊಣೆ ಹೊತ್ತವರು ಮಾತ್ರ ಐಸ್‌ನ ಖರ್ಚಿನಲ್ಲಿ ಉಳಿತಾಯ ಮಾಡಬಾರದು!

ತುರಿಕೆಗೆ ಸೆಟ್ರಿಜಿನ್, ಫೆಕ್ಸೊಫೆನಾಡಿನ್‌ನಂಥ ಮಾತ್ರೆಗಳನ್ನು ವೈದ್ಯರು ಕೊಡುತ್ತಾರೆ. ಸೆಟ್ರಿಜಿನ್ ಕೆಲವರಿಗೆ ನಿದ್ದೆ ತರಿಸುವುದರಿಂದ ವಾಹನ ಓಡಿಸುವವರು ಎಚ್ಚರ ವಹಿಸಬೇಕು. ತಣ್ಣೀರ ಬಟ್ಟೆಯಿಂದ ಹಿತವೆನಿಸುತ್ತದೆ. ಪುನರ್ಪುಳಿಯ ಸಾರು ಕುಡಿಯುವುದಕ್ಕೆ ನಮ್ಮ ತಕರಾರಿಲ್ಲ, ಅದನ್ನೇ ನಂಬಿ ಕೂರುವುದಕ್ಕೆ ಇದೆ. ದದ್ದುಗಳು 6 ವಾರ ಮೀರಿಯೂ ಮರುಕಳಿಸುತ್ತಿದ್ದರೆ ಆಹಾರ ಕಾರಣವಾಗಿರುವುದು ಅಪರೂಪ. ಎಷ್ಟೋ ಮಂದಿ ಒಂದೊಂದಾಗಿ ಮೀನು, ಮೊಟ್ಟೆ, ಬದನೆ ಬಿಟ್ಟು ಸೊರಗುತ್ತಾರೆ. ಅಂಥವರು ಚರ್ಮರೋಗ ತಜ್ಞರನ್ನು ಕಂಡು, ಅವರು ಹೇಳಿದಷ್ಟು ಕಾಲ ದಿನವೂ ಮಾತ್ರೆ ಸೇವಿಸುವುದು ಲೇಸು.

ತುಟಿ, ನಾಲಗೆ ಊದಿಕೊಂಡರೆ, ಸ್ವರ ಒಡೆದರೆ, ಉಸಿರು ಕಟ್ಟಿದರೆ, ತಲೆಸುತ್ತಿ ಕುಸಿದರೆ ಮನೆಮದ್ದಿಗಾಗಲೀ ಮಾತ್ರೆಗಾಗಲೀ ಕಾಯಬಾರದು. ಆಗ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಕೂಡಲೇ 108ಕ್ಕೆ ಕರೆ ಮಾಡಿ. ರೋಗಿಯನ್ನು ನಡೆಸದೆ ಮಲಗಿಸಿ, ಉಸಿರಾಟಕ್ಕೆ ಕಷ್ಟವಾದರೆ ಕೂರಿಸಿ. ಯಾವ ಔಷಧಿಯಿಂದ ಹೀಗಾಯಿತೆಂದು ಗೊತ್ತಾದರೆ ಅದರ ಹೆಸರನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಯಾವ ವೈದ್ಯರ ಬಳಿ ಹೋದರೂ ಮೊದಲು ಅದನ್ನೇ ತೋರಿಸಿ.