ಕೊಂಡು ಓದಬೇಕೋ, ಎರವಲು ತಂದು ಓದಬೇಕೋ?

ತಪ್ಪು ಕಲ್ಪನೆ: ಲೈಬ್ರರಿ ಪುಸ್ತಕ ಅಂದರೆ ಬಿಟ್ಟಿ ಪುಸ್ತಕ.

ವಾಸ್ತವ: ಅದರ ದುಡ್ಡು ನಾವು ಆಗಲೇ ಕಟ್ಟಿದ್ದೇವೆ. ನಮ್ಮ ಕಿರಂಗೂರಿನಲ್ಲಾಗಲಿ ಶ್ರೀರಂಗಪಟ್ಟಣದಲ್ಲಾಗಲಿ ಮನೆ ಕಂದಾಯ ಕಟ್ಟುವವರು ಅದರ ಜೊತೆಗೇ ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ತೆರಿಗೆಯ 100 ರೂಪಾಯಿಗೆ 6 ರೂಪಾಯಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಇದು. ಬೇಕಾದ ಪುಸ್ತಕ ಕಪಾಟಿನಲ್ಲಿ ಇಲ್ಲದಿದ್ದರೆ ತರಿಸಿಕೊಡಿ ಎಂದು ಕೇಳಲು ಯಾಕೆ ಸಂಕೋಚ? ಹಳ್ಳಿ ಲೈಬ್ರರಿಗಳು 2019ರಿಂದ ಪಂಚಾಯತ್ ರಾಜ್ ಇಲಾಖೆಗೆ ಸೇರಿವೆ, ಈಗ ಅವುಗಳ ಹೆಸರು ಅರಿವು ಕೇಂದ್ರ. ಮಕ್ಕಳಿಗೆ ಸದಸ್ಯತ್ವ ಉಚಿತ. ದಯವಿಟ್ಟು ಮಕ್ಕಳ ಹೆಸರು ಬರೆಸಿ.

ತಪ್ಪು ಕಲ್ಪನೆ: ಎರವಲು ಓದಿದರೆ ಲೇಖಕರ ಹೊಟ್ಟೆಯ ಮೇಲೆ ಹೊಡೆದಂತೆ.

ವಾಸ್ತವ: ಸಾವಿರ ಪ್ರತಿ ಅಚ್ಚಾದರೆ ಹೆಚ್ಚು ಎನ್ನುವಂಥ ಕನ್ನಡ ಪುಸ್ತಕ ಲೋಕದಲ್ಲಿ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಆಯ್ಕೆಯಾದ ಪುಸ್ತಕದ 300 ಪ್ರತಿಗಳು ಒಮ್ಮೆಗೇ ಹೋಗುತ್ತವೆ. ಪ್ರಕಾಶಕರು ಹೊಸ ಲೇಖಕರನ್ನು ಅಚ್ಚು ಹಾಕುವ ಧೈರ್ಯ ಮಾಡುವುದು ಬಹುಮಟ್ಟಿಗೆ ಇದನ್ನೇ ನಂಬಿಕೊಂಡು. ಖರೀದಿ ತಡವಾಗುವುದು, ಹಣ ಬಾಕಿ ಉಳಿಯುವುದು ನಿಜವಾದ ಅನ್ಯಾಯ. ಅದಕ್ಕೆ ಓದುಗ ಹೊಣೆಯಲ್ಲ. ಬ್ರಿಟನ್ನಿನಲ್ಲಿ 1979ರ ಕಾನೂನಿನ ಪ್ರಕಾರ ಪುಸ್ತಕ ಎರವಲು ಹೋದಾಗಲೆಲ್ಲ ಲೇಖಕರ ಲೆಕ್ಕಕ್ಕೆ ಒಂದಿಷ್ಟು ಹಣ ಸೇರುತ್ತದೆ. ನಮ್ಮಲ್ಲಿ ಅಂಥ ಕಾನೂನಿಲ್ಲ, ಬೇಕು. ಮಂಡ್ಯದಲ್ಲಿ ಹುಟ್ಟಿದ ತ್ರಿವೇಣಿಯವರ ಕಾದಂಬರಿಗಳು ಎಷ್ಟೋ ಮನೆಗಳ ಹೆಣ್ಣುಮಕ್ಕಳ ಕೈಸೇರಿದ್ದು ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ. ಇದರಿಂದ ಅವರ ಓದುಗರು ಹೆಚ್ಚಿದರೇ ಹೊರತು ಕಡಿಮೆಯಾಗಲಿಲ್ಲ. ಲೇಖಕರಿಗೆ ಪೆಟ್ಟು ಬೀಳುವುದು ವಾಟ್ಸಾಪಿನಲ್ಲಿ ಹರಿದಾಡುವ ಕದ್ದ ಪಿಡಿಎಫ್‌ನಿಂದ.

ತಪ್ಪು ಕಲ್ಪನೆ: ಪುಸ್ತಕ ಕೊಳ್ಳುವುದು ಅನುಕೂಲಸ್ಥರ ಹವ್ಯಾಸ.

ವಾಸ್ತವ: ಪಾಂಡವಪುರದ ಹರಳಹಳ್ಳಿಗೆ ಹೋಗಿ ಬನ್ನಿ, ಕಿರಂಗೂರಿಗೆ ದೂರವೇನಲ್ಲ. ಅಲ್ಲಿನ ಅಂಕೇಗೌಡರು ಬಸ್ ಕಂಡಕ್ಟರ್ ಆಗಿದ್ದವರು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಸಂಬಳದ ದೊಡ್ಡ ಪಾಲನ್ನು ಪುಸ್ತಕಕ್ಕೇ ಹಾಕಿದರು. ಸಾಲದೆ ಬಂದಾಗ ಮೈಸೂರಿನ ತಮ್ಮ ಮನೆಯನ್ನೂ ಮಾರಿದರು. ಅವರ ‘ಪುಸ್ತಕ ಮನೆ’ಯಲ್ಲಿ ಇಂದು ಸುಮಾರು 20 ಲಕ್ಷ ಪುಸ್ತಕಗಳಿವೆ. ಶುಲ್ಕವಿಲ್ಲದೆ ಯಾರು ಬೇಕಾದರೂ ಓದಬಹುದು. 2026ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಒಬ್ಬರು ಕೊಂಡದ್ದು ಊರಿನವರೆಲ್ಲರ ಓದಿಗೆ ಒದಗಿದ ಇಂಥ ನಿದರ್ಶನ ನಮ್ಮ ಮಗ್ಗುಲಲ್ಲೇ ಇರುವಾಗ, ಕೊಳ್ಳುವವರು ಒಂದು ಕಡೆ, ಎರವಲು ಪಡೆಯುವವರು ಇನ್ನೊಂದು ಕಡೆ ಎಂದು ಬೇರೆ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ತಪ್ಪು ಕಲ್ಪನೆ: ಲೈಬ್ರರಿಯಲ್ಲಿ ಎಲ್ಲವೂ ಸಿಗುವಾಗ ಮನೆಗೆ ಯಾಕೆ ಪುಸ್ತಕ?

ವಾಸ್ತವ: ಎಲ್ಲವೂ ಸಿಗುವುದಿಲ್ಲ. ಎಷ್ಟೋ ಕನ್ನಡ ಪುಸ್ತಕಗಳು ಒಂದೇ ಮುದ್ರಣಕ್ಕೆ ನಿಂತುಹೋಗಿವೆ, ಕಂಡಾಗಲೇ ಕೊಂಡಿಟ್ಟುಕೊಳ್ಳಬೇಕು. ಕಾದಂಬರಿಯನ್ನು ಮೊದಲು ಎರವಲು ತಂದು ಓದಿ, ಇನ್ನೊಮ್ಮೆ ಓದಬೇಕೆನಿಸಿದರೆ ಕೊಳ್ಳಿ. ನಿಘಂಟು, ಕವನ ಸಂಕಲನ ಮಾತ್ರ ಮನೆಯಲ್ಲೇ ಇರಲಿ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಬಂದದ್ದು. ಅದನ್ನು ಗಡುವಿನೊಳಗೆ ಓದಿ ಮುಗಿಸಿ ಹಿಂತಿರುಗಿಸಲು ಯಾರಿಗೆ ಮನಸ್ಸು ಬರುತ್ತದೆ?