ಕಾವು ಮತ್ತು ಗುಟುಕು

ಯಲಹಂಕ, ಹೆಬ್ಬಾಳಗಳ ಕಡೆ ಇನ್ನೂ ಉಳಿದಿರುವ ಬಯಲುಗಳಲ್ಲಿಯೂ ಖಾಲಿ ನಿವೇಶನಗಳಲ್ಲಿಯೂ ಟಿಟ್ಟಿಭ ಹಕ್ಕಿಯು ಬೇಸಿಗೆಯಲ್ಲಿ ಮೊಟ್ಟೆಯಿಡುತ್ತದೆ. ಕಲ್ಲುಗಳ ನಡುವಣ ತಗ್ಗೇ ಅದಕ್ಕೆ ಗೂಡು. ಮಣ್ಣಿನ ಬಣ್ಣವೇ ಮೊಟ್ಟೆಗಳಿಗೆ ರಕ್ಷೆ. ಆಟವಾಡುವ ಬಾಲಕರು ಅವನ್ನು ಅನಾಥವೆಂದು ಬಗೆದು ಜೇಬಿನಲ್ಲಿಟ್ಟು ತರುವುದುಂಟು. "ಇದನ್ನು ಮರಿ ಮಾಡಬಹುದೇ ಸಾರ್?" ಎಂಬ ಪ್ರಶ್ನೆಗೆ ಉಪಾಧ್ಯಾಯರು ಏನೆಂದು ಉತ್ತರಿಸಬೇಕು?

ಕಾವು ಕೊಡುವುದೇನೋ ನಮಗೆ ತಿಳಿದ ವಿದ್ಯೆಯೇ. 1958ರಲ್ಲಿ ಸ್ಥಾಪನೆಗೊಂಡ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಕೋಳಿಸಾಕಣೆಯನ್ನು ಒಂದು ಶಾಸ್ತ್ರವಾಗಿ ಬೋಧಿಸುತ್ತಾರೆ. ಸುಮಾರು 37.5 ಡಿಗ್ರಿ ಸೆಲ್ಸಿಯಸ್ ಶಾಖ, ತಕ್ಕಷ್ಟು ತೇವ ಇವೆರಡೂ ದೊರೆತರೆ ಕೋಳಿಮೊಟ್ಟೆ 21 ದಿನಗಳಲ್ಲಿ ಮರಿಯಾಗುತ್ತದೆ. ದಿನಕ್ಕೆ ಹಲವು ಬಾರಿ ಹೊರಳಿಸದಿದ್ದರೆ ಭ್ರೂಣವು ಒಳಪೊರೆಗೆ ಅಂಟಿಕೊಳ್ಳುವುದು. ಕಡೆಯ ಮೂರು ದಿನ ಮಾತ್ರ ಹೊರಳಿಸಕೂಡದು. ಟಿಟ್ಟಿಭಕ್ಕಾದರೋ ಸುಮಾರು ನಾಲ್ಕು ವಾರ ಬೇಕು. ಬಿಸಿಲೇರಿದಾಗ ಈ ಹಕ್ಕಿಗಳು ನೀರಿನಲ್ಲಿ ಎದೆಗರಿಗಳನ್ನು ತೋಯಿಸಿ ಬಂದು ಮೊಟ್ಟೆಗಳನ್ನು ತಂಪುಗೊಳಿಸುತ್ತವೆ. ಕಾವೆಂದರೆ ಬರಿಯ ಬಿಸಿಯೆಂದು ತಿಳಿದ ನಮಗೆ ಇದು ಹೊಳೆಯುವುದೇ ಇಲ್ಲ.

ಮರಿಗಳಲ್ಲಿಯೂ ಎರಡು ಬಗೆ. ಟಿಟ್ಟಿಭದ ಮರಿಯು ಕಣ್ದೆರೆದೇ ಹುಟ್ಟಿ, ಕೆಲವೇ ಗಂಟೆಗಳಲ್ಲಿ ಓಡಾಡಿ, ತಾನೇ ಹುಳು ಹೆಕ್ಕುತ್ತದೆ. ಗೊರವಂಕದ ಮರಿಗೆ ಕಣ್ಣೂ ಇಲ್ಲ, ಗರಿಯೂ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಅರ್ಧ ಗಂಟೆಗೊಮ್ಮೆಯಾದರೂ ಗುಟುಕು ಬೇಕು. ಮರುಕಪಟ್ಟು ಹಾಲು, ಬ್ರೆಡ್ಡು ತಿನ್ನಿಸುವವರಿದ್ದಾರೆ. ಹಾಲು ಹಕ್ಕಿಯ ಆಹಾರವಲ್ಲ. ಬಾಯಿಗೆ ಹನಿಸಿದ ನೀರು ಶ್ವಾಸನಾಳಕ್ಕಿಳಿದರೆ ಪ್ರಾಣವೇ ಹೋದೀತು.

ಇಷ್ಟೆಲ್ಲ ಗೆದ್ದು ಬದುಕಿಸಿದರೂ ಇನ್ನೊಂದು ತೊಡಕುಂಟು. ಹುಟ್ಟಿದೊಡನೆ ತನ್ನನ್ನೇ ಕಂಡ ಬಾತುಮರಿಗಳು ತನ್ನನ್ನೇ ತಾಯಿಯೆಂದು ಹಿಂಬಾಲಿಸುವುದನ್ನು ಆಸ್ಟ್ರಿಯಾದ ಕೊನ್ರಾಡ್ ಲೊರೆಂಟ್ಸ್ 1935ರಲ್ಲಿ ವಿವರಿಸಿದರು. 1973ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ನಮ್ಮ ಕೈಯಲ್ಲಿ ಬೆಳೆದ ಮರಿಯು ಹೀಗೆ ಮನುಷ್ಯನಿಗೇ ಒಗ್ಗಿದರೆ, ಬೆಕ್ಕು ನಾಯಿಗಳ ಭಯವನ್ನು ಅದಕ್ಕೆ ಕಲಿಸುವವರಾರು? ಕಾಗೆಯ ಗೂಡಿನಲ್ಲಿ ಬೆಳೆದೂ ಕೋಗಿಲೆಯಾಗಿಯೇ ಕೂಗುವ ಕೋಗಿಲೆಯೇನೋ ಇದೆ. ಪರಭೃತವೆಂಬ ಹೆಸರು ಅದಕ್ಕೆ ಒಪ್ಪುತ್ತದೆ. ಎಲ್ಲ ಹಕ್ಕಿಗಳಿಗೂ ಆ ಭಾಗ್ಯವಿಲ್ಲ.

ಸಂರಕ್ಷಿತ ಹಕ್ಕಿಗಳ ಗೂಡನ್ನೂ ಮೊಟ್ಟೆಯನ್ನೂ ಕದಲಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯೆಂದೇ ಎಣಿಸುತ್ತದೆ. ಗಾಯಗೊಂಡ ಮರಿಯಾದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಗೂಡಿನಿಂದ ಜಾರಿದ ಮರಿಯನ್ನು ಗೂಡಿನಲ್ಲಿಯೇ ಇಟ್ಟುಬಿಡಬಹುದು. ಮನುಷ್ಯನ ಕೈ ತಗುಲಿದರೆ ತಾಯಿ ತೊರೆಯುವುದೆಂಬ ನಂಬಿಕೆಗೆ ಆಧಾರವಿಲ್ಲ. ಇನ್ನು ಜೇಬಿನಲ್ಲಿ ಬಂದ ಮೊಟ್ಟೆಗಳನ್ನು ಆ ಬಾಲಕನೊಡನೆಯೇ ಹೋಗಿ, ತಡಮಾಡದೆ, ಅದೇ ತಗ್ಗಿನಲ್ಲಿರಿಸಿ ದೂರ ಸರಿಯಬೇಕು. ತಗ್ಗು ಕಾಣದಿದ್ದರೆ ತಲೆಯೆತ್ತಿ ನೋಡಿರಿ. ಹಕ್ಕಿಗಳು ಅಲ್ಲಿಯೇ ಕೂಗುತ್ತ ಸುತ್ತುತ್ತಿರುತ್ತವೆ.