ಅರ್ಜಿ ತಿರಸ್ಕೃತವಾದರೆ ದಾರಿ ಮುಚ್ಚಿತೇ?

ಮನೆಗೆ ಆಧಾರವಾಗಿದ್ದ ಜೀವವೊಂದು ಹಠಾತ್ತನೆ ಇಲ್ಲವಾದಾಗ ದುಃಖದ ಬೆನ್ನಿಗೇ ಖರ್ಚಿನ ಚಿಂತೆಯೂ ಬಂದು ನಿಲ್ಲುತ್ತದೆ. ಅಂತ್ಯಕ್ರಿಯೆಯ ವೆಚ್ಚ, ಆಸ್ಪತ್ರೆಯ ಬಾಕಿ, ಅಂಗಡಿಯ ಉದ್ದರಿ, ಮಕ್ಕಳ ಶಾಲೆ ಇವು ಯಾವುವೂ ಕಾಯುವುದಿಲ್ಲ. ಇಂತಹ ಆಪತ್ಕಾಲಕ್ಕೆಂದೇ ಇರುವುದು ರಾಷ್ಟ್ರೀಯ ಕುಟುಂಬ ನೆರವು ಯೋಜನೆ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರವು ಆರಂಭಿಸಿದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದ ಒಂದು ಅಂಗವಿದು. ಬಡತನ ರೇಖೆಗಿಂತ ಕೆಳಗಿರುವ ಕುಟುಂಬದ ಮುಖ್ಯ ಆಧಾರವಾಗಿದ್ದವರು 18ರಿಂದ 59 ವರ್ಷದೊಳಗೆ ತೀರಿಕೊಂಡರೆ, ಆ ಕುಟುಂಬಕ್ಕೆ ಒಂದೇ ಗಂಟಿನಲ್ಲಿ 20,000 ರೂಪಾಯಿ ಸಲ್ಲಬೇಕು. 2012ಕ್ಕೆ ಮೊದಲು ಈ ಮೊತ್ತ 10,000 ರೂಪಾಯಿ ಇತ್ತು. ಮರಣವು ಸಹಜವೋ ಅಪಘಾತವೋ ಎಂಬ ಭೇದ ಇಲ್ಲಿಲ್ಲ.

ಅರ್ಜಿ ಹಾಕಿದವರಿಗೆ ಒಮ್ಮೊಮ್ಮೆ ದೊರೆಯುವ ಉತ್ತರ “ತಿರಸ್ಕರಿಸಲಾಗಿದೆ” ಎಂಬುದು. ಸರ್ಕಾರದ ಮಾತೆಂದರೆ ಅದೇ ಕೊನೆಯೆಂದು ತಿಳಿದು ಬಡ ಕುಟುಂಬಗಳು ಸುಮ್ಮನಾಗಿಬಿಡುತ್ತವೆ. ಆದರೆ ತಿರಸ್ಕಾರವು ಒಬ್ಬ ಅಧಿಕಾರಿಯ ತೀರ್ಮಾನವೇ ಹೊರತು ಕಾನೂನಿನ ಕೊನೆಯ ಮಾತಲ್ಲ.

ಉದಾಹರಣೆಗೆ, ಗೃಹಿಣಿಯೊಬ್ಬಳು ತೀರಿಕೊಂಡಳೆನ್ನೋಣ. “ಆಕೆ ಸಂಪಾದಿಸುತ್ತಿರಲಿಲ್ಲ, ಆದ್ದರಿಂದ ನೆರವಿಲ್ಲ” ಎಂದು ಅರ್ಜಿ ಹಿಂದಿರುಗಿದರೆ ಅದು ತಪ್ಪು. ಮನೆವಾರ್ತೆ ನಡೆಸುವ ಗೃಹಿಣಿಯೂ ಕುಟುಂಬದ ಆಧಾರವೇ ಎಂದು ಯೋಜನೆಯ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಹಾಗೆಯೇ ಮೃತನು ಅವಿವಾಹಿತನಾಗಿದ್ದರೆ ಅವನನ್ನೇ ನಂಬಿದ್ದ ತಂದೆತಾಯಿಗಳೂ ಅಪ್ರಾಪ್ತ ವಯಸ್ಸಿನ ತಮ್ಮ ತಂಗಿಯರೂ ಅವನ ಕುಟುಂಬವೆಂದೇ ಪರಿಗಣಿತರಾಗುತ್ತಾರೆ. ಹೆಂಡತಿ ಮಕ್ಕಳಿಲ್ಲವೆಂಬ ಒಂದೇ ಕಾರಣಕ್ಕೆ ನೆರವನ್ನು ನಿರಾಕರಿಸುವಂತಿಲ್ಲ.

ಆದ್ದರಿಂದ ಮಾಡಬೇಕಾದ ಮೊದಲ ಕೆಲಸವೆಂದರೆ ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯುವುದು. ಬಾಯಿಮಾತಿನ ಉತ್ತರಕ್ಕೆ ಮೇಲ್ಮನವಿ ಬರೆಯುವುದು ಕಷ್ಟ. ಕರ್ನಾಟಕದಲ್ಲಿ 2012ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಸಕಾಲ ಕಾಯ್ದೆಯ ಪ್ರಕಾರ, ಅರ್ಜಿಯನ್ನು ತಿರಸ್ಕರಿಸುವ ಅಧಿಕಾರಿಯು ಕಾರಣವನ್ನು ಬರೆದು ಅರ್ಜಿದಾರರಿಗೆ ತಿಳಿಸಲೇಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ದೊರೆಯುವ ಸ್ವೀಕೃತಿ ಪತ್ರದಲ್ಲಿ ಸಕಾಲ ಸಂಖ್ಯೆಯಿರುತ್ತದೆ. ಅದನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕು.

ತಿರಸ್ಕಾರದ ಪತ್ರ ಕೈಸೇರಿದ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿಯೂ ನ್ಯಾಯ ದೊರೆಯದಿದ್ದರೆ ಮೇಲ್ಮನವಿ ಪ್ರಾಧಿಕಾರದ ಮುಂದೆ ಎರಡನೆಯ ಮನವಿಗೆ ಅವಕಾಶವಿದೆ. ನಿಗದಿತ ಅವಧಿ ಮುಗಿದರೂ ಉತ್ತರವೇ ಬಾರದಿದ್ದಲ್ಲಿ ಆ ಮೌನದ ವಿರುದ್ಧವೂ ಮೇಲ್ಮನವಿ ಸಲ್ಲುತ್ತದೆ.

ಮನವಿ ಬರೆಯುವಾಗ ಕಷ್ಟಗಳ ವರ್ಣನೆಗಿಂತ ಕಾರಣಕ್ಕೆ ತಕ್ಕ ಉತ್ತರ ಮುಖ್ಯ. ವಯಸ್ಸು ಮೀರಿದೆಯೆಂದಿದ್ದರೆ ಶಾಲಾ ದಾಖಲೆಯಂತಹ ಪುರಾವೆ. ಬಡತನ ರೇಖೆಯ ಪ್ರಶ್ನೆಯಾದರೆ ಪಡಿತರ ಚೀಟಿ. ಸಂಬಂಧದ ಬಗ್ಗೆ ಸಂಶಯವಿದ್ದರೆ ವಂಶವೃಕ್ಷ. ಮೃತರ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ಬಗೆಯಾಗಿದ್ದರೆ ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರವನ್ನು ಲಗತ್ತಿಸಬೇಕು. ಪ್ರತಿಗಳನ್ನು ಕೊಟ್ಟು, ಮೂಲವನ್ನು ತಮ್ಮಲ್ಲೇ ಇರಿಸಿಕೊಂಡು, ದಿನಾಂಕ ಸಹಿತ ಸ್ವೀಕೃತಿ ಪಡೆಯುವುದು ಒಳಿತು.

ಸ್ಥಳ ತನಿಖೆಯ ವರದಿಯಲ್ಲಿ ಏನಿದೆಯೆಂದು ತಿಳಿಯಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಬಡತನ ರೇಖೆಗಿಂತ ಕೆಳಗಿರುವವರು ಇದಕ್ಕೆ ಶುಲ್ಕ ಕೊಡಬೇಕಾಗಿಲ್ಲ. ಆದರೆ ಆ ಉತ್ತರಕ್ಕೂ 30 ದಿನಗಳ ಅವಧಿಯಿರುವುದರಿಂದ, ಅದಕ್ಕಾಗಿ ಕಾಯುತ್ತ ಕುಳಿತು ಮೇಲ್ಮನವಿಯ ಗಡುವನ್ನು ಕಳೆದುಕೊಳ್ಳಬಾರದು.

ಒಂದು ಮಾತನ್ನು ನಿಷ್ಠುರವಾಗಿ ಹೇಳಲೇಬೇಕು. ಮೃತರಿಗೆ ನಿಜವಾಗಿಯೂ 60 ತುಂಬಿದ್ದರೆ ಮೇಲ್ಮನವಿಯಿಂದ ಫಲವಿಲ್ಲ. ಸುಳ್ಳು ದಾಖಲೆ ಸೃಷ್ಟಿಸಿ ಕೊಡಿಸುತ್ತೇವೆನ್ನುವ ದಲ್ಲಾಳಿಗಳ ಮಾತಿಗೆ ಮರುಳಾದರೆ ಇದ್ದ ಅಲ್ಪಸ್ವಲ್ಪವೂ ಹೋದೀತು. ಮರಣವನ್ನು 21 ದಿನಗಳೊಳಗೆ ನೋಂದಾಯಿಸುವುದನ್ನು ಮಾತ್ರ ಯಾವ ಮನೆಯವರೂ ಮರೆಯಬಾರದು. ಮುಂದಿನ ಎಲ್ಲ ಕಾಗದಪತ್ರಗಳಿಗೂ ಅದೇ ತಳಹದಿ.

ಈ ನೆರವು ಯಾರ ಕೃಪೆಯೂ ಅಲ್ಲ. ಸರ್ವೋಚ್ಚ ನ್ಯಾಯಾಲಯವು ಆಹಾರದ ಹಕ್ಕಿನ ಪ್ರಕರಣದಲ್ಲಿ 2001ರ ನವೆಂಬರ್ 28ರಂದು ನೀಡಿದ ಆದೇಶದಲ್ಲಿ, ಈ ಹಣವನ್ನು ನಾಲ್ಕು ವಾರಗಳೊಳಗೆ ಕುಟುಂಬಕ್ಕೆ ತಲುಪಿಸಬೇಕೆಂದು ರಾಜ್ಯ ಸರ್ಕಾರಗಳಿಗೆ ಸೂಚಿಸಿತ್ತು. ತಡವಾಗಿ ಬಂದ ಹಣ ಸಾಲದ ಬಡ್ಡಿಗೆ ಹೋದೀತೇ ಹೊರತು ಒಲೆ ಉರಿಸಲಾರದೆಂಬ ಸತ್ಯವನ್ನು ಬಲ್ಲವರೇ ಬಲ್ಲರು.

ಸಾವಿನ ಮನೆಗೆ ಹೋಗಿ ಸಾಂತ್ವನ ಹೇಳುವುದು ನಮ್ಮಲ್ಲಿ ನಡೆದುಬಂದ ರೂಢಿ. ಅದರೊಂದಿಗೆ ಓದುಬರಹ ಬಲ್ಲ ತರುಣ ತರುಣಿಯರು ಆ ತಾಯಿಯ ಜೊತೆ ಒಂದು ದಿನ ನಾಡಕಚೇರಿಗೆ ಹೋಗಿಬರಲಿ, ಒಂದು ಪುಟದ ಮನವಿಯನ್ನು ಬರೆದುಕೊಡಲಿ. ಕಣ್ಣೀರೊರೆಸುವ ಕೈಗೆ ಲೇಖನಿಯೂ ಜೊತೆಯಾದರೆ ಆ ಮನೆಯ ಒಲೆ ಆರದೆ ಉಳಿದೀತು.